ನೋವು ಹೋದ ಹಲ್ಲಿಗೆ ಕ್ಯಾಪ್ ಯಾಕೆ, ಹಾಕಿಸುವಾಗ ಏನೇನಾಗುತ್ತದೆ

ನಮ್ಮಮ್ಮ ರೂಟ್ ಕೆನಾಲ್ ಮಾಡಿಸಿಕೊಂಡರು, ಕ್ಯಾಪ್, ಅಂದರೆ ಹಲ್ಲಿನ ಮೇಲೆ ಟೋಪಿಯಂತೆ ಕೂರಿಸುವ ಗಟ್ಟಿ ಹೊದಿಕೆ, ಹಾಕಿಸಲಿಲ್ಲ. ಮೂರು ಸಿಟ್ಟಿಂಗ್ ಆಯಿತು, ನೋವು ಹೋಯಿತು. ಡಾಕ್ಟರು "ಇನ್ನು ಕ್ಯಾಪ್ ಹಾಕಿಸಿಬಿಡಿ ಅಮ್ಮಾ" ಅಂದರು, ಅಮ್ಮ "ಹಬ್ಬ ಮುಗೀಲಿ ಡಾಕ್ಟ್ರೇ" ಅಂತ ಹೇಳಿ ಹನುಮಂತನಗರದ ಮನೆಗೆ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನೋವಿಲ್ಲದ ಹಲ್ಲಿಗೆ ಯಾಕೆ ದುಡ್ಡು ಸುರಿಯಬೇಕು, ಅಲ್ವಾ? ನಮಗೂ ಹಾಗೇ ಅನ್ನಿಸಿತ್ತು. ಮುಂದಿನ ವರ್ಷದ ಗೌರಿ ಹಬ್ಬದಲ್ಲಿ ಚಕ್ಕುಲಿ ಕಡಿದಾಗ ಟಕ್ ಅಂತ ಸದ್ದಾಯಿತು. ಹಲ್ಲು ಉದ್ದಕ್ಕೆ ಸೀಳಿತ್ತು, ಸೀಳು ಬೇರಿನವರೆಗೂ ಇಳಿದಿತ್ತು. ಹಾಗೆ ಸೀಳಿದ ಹಲ್ಲನ್ನು ಉಳಿಸಿಕೊಳ್ಳುವುದು ಕಷ್ಟ. ಕೀಳಿಸಬೇಕಾಯಿತು.

ಈ ವರ್ಷ ನನ್ನ ಸರದಿ. ಕೆಳಗಿನ ಎಡಗಡೆ ದವಡೆ ಹಲ್ಲಿನ ಹಳೇ ಫಿಲ್ಲಿಂಗ್ ಕೆಳಗೆ ಹುಳುಕು ನರದವರೆಗೂ ಹೋಗಿತ್ತು. ರೂಟ್ ಕೆನಾಲ್ ಆಯಿತು. ಅಮ್ಮನ ಹಲ್ಲು ಕಣ್ಣ ಮುಂದೆ ಇದ್ದಿದ್ದರಿಂದ ಈ ಸಲ ನಾನು ಸುಮ್ನೆ ಬಾಯಿ ತೆರೆದು ಕೂರಲಿಲ್ಲ, ಪ್ರತಿ ಹಂತದಲ್ಲೂ ಯಾಕೆ, ಏನು ಅಂತ ಕೇಳಿದೆ, ಡಾಕ್ಟರೂ ಬೇಸರ ಮಾಡಿಕೊಳ್ಳದೆ ಹೇಳಿದರು, ಮನೆಗೆ ಬಂದು ಇನ್ನಷ್ಟು ಓದಿದೆ. ಮನೆಯಲ್ಲಿ ಯಾರಾದರೂ "ನೋವು ಹೋಯ್ತಲ್ಲ, ಕ್ಯಾಪ್ ಯಾಕೆ" ಅನ್ನುತ್ತಿದ್ದರೆ ಇದನ್ನು ಅವರಿಗೂ ಓದಿ ಹೇಳಿ.

ಮೊದಲು ಆ 'ಯಾಕೆ'ಗೆ ಉತ್ತರ. ರೂಟ್ ಕೆನಾಲ್ ಅಂದರೆ ಹಲ್ಲಿನ ಒಳಗಿರುವ ನರ, ರಕ್ತನಾಳಗಳ ಮೆತ್ತನೆ ಭಾಗವನ್ನು ತೆಗೆದು, ಬೇರಿನ ಒಳಗಿನ ಸಣ್ಣ ಕೊಳವೆಗಳನ್ನು ಶುಚಿ ಮಾಡಿ, ರಬ್ಬರಿನಂಥ ವಸ್ತು ತುಂಬಿ ಮುಚ್ಚುವುದು. ಹಲ್ಲಿನ ಜೀವ ಹೋಯಿತು, ಒಣಗಿ ಪೆಡಸಾಗುತ್ತದೆ, ಅದಕ್ಕೇ ಒಡೆಯುತ್ತದೆ ಅಂತ ಜನ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹಲ್ಲಿನಲ್ಲಿ ಗಟ್ಟಿ ಭಾಗವೇ ಕಮ್ಮಿ ಉಳಿದಿರುತ್ತದೆ. ಒಂದಿಷ್ಟನ್ನು ಹುಳುಕು ತಿಂದಿರುತ್ತದೆ, ಇನ್ನೊಂದಿಷ್ಟನ್ನು ಒಳಗೆ ಹೋಗಲು ಡಾಕ್ಟರು ಮೇಲಿನಿಂದ ಕೊರೆದು ತೆಗೆದಿರುತ್ತಾರೆ. ಮನೆಯ ತಾರಸಿಯನ್ನು ತೆಗೆದು ನಾಲ್ಕು ಗೋಡೆ ಮಾತ್ರ ಬಿಟ್ಟ ಹಾಗೆ. ಆ ಗೋಡೆಗಳ ಮಧ್ಯೆ ಮೇಲಿನ ಹಲ್ಲಿನ ಉಬ್ಬು ಬಂದು ಕೂರುತ್ತದೆ. ನಾವು ಏನಾದರೂ ಗಟ್ಟಿ ಕಡಿದಾಗ ಅದು ಸೌದೆ ಸೀಳುವ ಬೆಣೆಯ ಥರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಂದು ದಿನ, ಒಂದು ಚಕ್ಕುಲಿ ಸಾಕು.

ಕ್ಯಾಪ್ ಮಾಡುವ ಕೆಲಸ ಇಷ್ಟೇ, ಆ ಗೋಡೆಗಳನ್ನು ಸುತ್ತಲೂ ಬಿಗಿದು ಹಿಡಿಯುವುದು. ಉಳಿಯ ಮರದ ಹಿಡಿ ಸೀಳದಿರಲಿ ಅಂತ ಕಬ್ಬಿಣದ ಬಳೆ ಹಾಕಿರುತ್ತಾರಲ್ಲ, ಹಾಗೆ. ಮುಂದಿನ ಹಲ್ಲುಗಳ ಮೇಲೆ ಈ ಥರ ನೇರ ಭಾರ ಬೀಳುವುದಿಲ್ಲ, ಆದ್ದರಿಂದ ಅಲ್ಲಿ ಹಲ್ಲು ಸಾಕಷ್ಟು ಉಳಿದಿದ್ದರೆ ರೂಟ್ ಕೆನಾಲ್ ಆದರೂ ಬರೀ ಫಿಲ್ಲಿಂಗ್ ಸಾಕಾಗಬಹುದು. ದವಡೆ ಹಲ್ಲಿಗೆ ಹೆಚ್ಚಿನ ಸಲ ಬೇಕೇ ಬೇಕು. ಜೀವ ಇರುವ ಹಲ್ಲಿಗೂ, ಬಿರುಕು ಬಿಟ್ಟಿದ್ದರೆ ಅಥವಾ ಹಲ್ಲಿಗಿಂತ ಫಿಲ್ಲಿಂಗೇ ದೊಡ್ಡದಾಗಿದ್ದರೆ, ಕ್ಯಾಪ್ ಹಾಕುತ್ತಾರೆ. ಆದರೆ ಎಲ್ಲದಕ್ಕೂ ಪೂರ್ತಿ ಕ್ಯಾಪೇ ಆಗಬೇಕು ಅಂತೇನೂ ಇಲ್ಲ, ಹಲ್ಲಿನ ಮೇಲ್ಭಾಗವನ್ನಷ್ಟೇ ಮುಚ್ಚುವ 'ಆನ್‌ಲೇ' ಅನ್ನೋದೂ ಇದೆ. ನನ್ನ ಹಲ್ಲಿಗೆ ಅದು ಸಾಕೇ ಅಂತ ಒಂದು ಮಾತು ಕೇಳಿ. ಕ್ಯಾಪ್ ಕೂರಿಸಲು ಡಾಕ್ಟರು ಒಮ್ಮೆ ಉಜ್ಜಿ ತೆಗೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಈ ಪ್ರಶ್ನೆ ಉಜ್ಜುವ ಮೊದಲೇ ಕೇಳಬೇಕು.

ಚೀಟಿಯಲ್ಲಿ '36' ಅಂತ ಬರೆದದ್ದು ನೋಡಿ ನನಗೆ ಗಾಬರಿಯಾಗಿತ್ತು, ನಮಗಿರುವುದೇ 32 ಹಲ್ಲಲ್ವಾ. ಅದನ್ನು ಮೂವತ್ತಾರು ಅಂತ ಓದಬಾರದು, ಮೂರು-ಆರು ಅಂತ ಬಿಡಿಸಿ ಓದಬೇಕು. ಬಾಯಿಯನ್ನು ನಾಲ್ಕು ಭಾಗ ಮಾಡಿ, ನಮ್ಮ ಮೇಲಿನ ಬಲಗಡೆಗೆ 1, ಮೇಲಿನ ಎಡಗಡೆಗೆ 2, ಕೆಳಗಿನ ಎಡಗಡೆಗೆ 3, ಕೆಳಗಿನ ಬಲಗಡೆಗೆ 4 ಅಂತ ಹೆಸರಿಟ್ಟಿದ್ದಾರೆ. ಎರಡನೇ ಅಂಕಿ ಮುಂದಿನ ನಡುವಿನಿಂದ ಎಣಿಸಿದರೆ ಎಷ್ಟನೇ ಹಲ್ಲು ಅನ್ನುವುದು. ಆರನೇದು ಅಂದರೆ ಸುಮಾರು ಆರು ವರ್ಷದ ವಯಸ್ಸಿನಲ್ಲಿ ಬರುವ ಮೊದಲ ಖಾಯಂ ದವಡೆ ಹಲ್ಲು. ಅಷ್ಟು ಬೇಗ ಬಂದು ಅಷ್ಟು ವರ್ಷ ದುಡಿಯುವುದರಿಂದ ಅದೇ ಹೆಚ್ಚಾಗಿ ಕೆಡುತ್ತದೆ. ಬಿಲ್ಲಿನಲ್ಲೂ ಎಕ್ಸ್‌ರೇಯಲ್ಲೂ ನಿಮ್ಮ ಹಲ್ಲಿನ ನಂಬರ್ ಒಂದೇ ಇದೆಯಾ ನೋಡಿಕೊಳ್ಳಿ.

ಇನ್ನು ಮೊದಲ ಸಿಟ್ಟಿಂಗ್. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ, ಯಾವುದಾದರೂ ಔಷಧಿ ಆಗದಿದ್ದರೆ ಅದು, ಎಲ್ಲವನ್ನೂ ಕೂರುವ ಮೊದಲೇ ಹೇಳಿ. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹೊಟ್ಟೆಗೆ ಏನಾದರೂ ತಿಂದೇ ಹೋಗಿ, ಯಾಕೆಂದರೆ ಜೋಮು ಇಳಿಯುವವರೆಗೆ ತಿನ್ನಲು ಆಗುವುದಿಲ್ಲ. ರೂಟ್ ಕೆನಾಲ್ ಆದ ಹಲ್ಲಿಗೂ ಹೆಚ್ಚಾಗಿ ಇಂಜೆಕ್ಷನ್ ಕೊಡುತ್ತಾರೆ, ಹಲ್ಲಿಗೆ ನೋವಿರದಿದ್ದರೂ ಸುತ್ತಲಿನ ವಸಡಿಗೆ ಇರುತ್ತದಲ್ಲ. ಇಂಜೆಕ್ಷನ್ ಆದ ಕೂಡಲೇ ಕೆಲವರಿಗೆ ಎದೆ ಡವಗುಟ್ಟುತ್ತದೆ. ಜೋಮು ಬೇಗ ಇಳಿಯದಿರಲಿ ಅಂತ ಅದರಲ್ಲಿ ಸ್ವಲ್ಪ ಅಡ್ರಿನಲಿನ್ ಸೇರಿಸಿರುತ್ತಾರೆ, ಅದರಿಂದ ಹಾಗಾಗುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ, ಆದರೂ ಡಾಕ್ಟರಿಗೆ ಹೇಳಿ.

ಆಮೇಲೆ ಹಲ್ಲನ್ನು ಸುತ್ತಲೂ, ಮೇಲೂ ಉಜ್ಜಿ ಸಣ್ಣದು ಮಾಡುತ್ತಾರೆ. ಯಾವ ಕ್ಯಾಪ್ ಅನ್ನುವುದರ ಮೇಲೆ ಸುಮಾರು 1ರಿಂದ 2 ಮಿಲಿಮೀಟರ್. ನೋವಿರುವುದಿಲ್ಲ. ಸದ್ದು ಇರುತ್ತದೆ, ಬಾಯಿಗೆ ನೀರು ಚಿಮ್ಮುತ್ತದೆ, ದವಡೆ ಸೋಲುತ್ತದೆ. ಕೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ನನಗೆ ಅದೊಂದರಿಂದಲೇ ಅರ್ಧ ಭಯ ಹೋಯಿತು. ಉಜ್ಜಿದ ಮೇಲೆ ಕನ್ನಡಿ ಕೊಟ್ಟರೆ ಅಲ್ಲಿ ಮೊಳೆಯಷ್ಟು ಸಣ್ಣ ಹಲ್ಲು ಕಾಣುತ್ತದೆ. ನೋಡಿ ಬೇಜಾರಾಗುತ್ತದೆ, ಅದು ಸಹಜ.

ಹಲ್ಲು ತುಂಬಾ ಮುರಿದಿದ್ದರೆ ಬೇರಿನೊಳಗೆ ಫೈಬರ್ ಕಡ್ಡಿಯೊಂದನ್ನು ಅಂಟಿಸಿ, ಅದರ ಮೇಲೆ ಫಿಲ್ಲಿಂಗ್ ಕಟ್ಟಿ, ಆಮೇಲೆ ಕ್ಯಾಪ್ ಹಾಕುತ್ತಾರೆ. ಅದಕ್ಕೆ 'ಪೋಸ್ಟ್' ಅನ್ನುತ್ತಾರೆ. ಪೋಸ್ಟ್ ಹಲ್ಲಿಗೆ ಬಲ ಕೊಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದರ ಕೆಲಸ ಮೇಲೆ ಕಟ್ಟಿದ ಫಿಲ್ಲಿಂಗನ್ನು ಹಿಡಿದುಕೊಳ್ಳುವುದು ಮಾತ್ರ. ನಿಜವಾದ ಬಲ ಬರುವುದು ವಸಡಿನ ಮೇಲೆ ಸುತ್ತಲೂ ನಿಮ್ಮ ಸ್ವಂತ ಹಲ್ಲು ಎಷ್ಟು ಉಳಿದಿದೆ ಅನ್ನುವುದರಿಂದ. ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲನ್ನು ಕ್ಯಾಪ್ ಬಳೆಯಂತೆ ತಬ್ಬಿ ಹಿಡಿದಿರಬೇಕು. ಅಷ್ಟೂ ಇಲ್ಲದಿದ್ದರೆ ಎಷ್ಟೇ ದುಬಾರಿ ಕ್ಯಾಪ್ ಹಾಕಿದರೂ ಅದು ಕಿತ್ತು ಬರಬಹುದು, ಇಲ್ಲವೇ ಹಲ್ಲಿನ ಬೇರೇ ಸೀಳಬಹುದು. "ಡಾಕ್ಟ್ರೇ, ಸುತ್ತ ನನ್ನ ಹಲ್ಲು ಎಷ್ಟು ಉಳಿದಿದೆ?" ಅಂತ ಕೇಳಿ. ಕ್ಯಾಪಿನ ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ನೂರು ಪಾಲು ಮುಖ್ಯವಾದ ಪ್ರಶ್ನೆ ಇದು.

ಕ್ಯಾಪಿನ ಬಣ್ಣ ಆರಿಸುವುದನ್ನು ಡಾಕ್ಟರು ಹಲ್ಲು ಉಜ್ಜಿ ಸಣ್ಣದು ಮಾಡುವ ಮೊದಲೇ ಮುಗಿಸಬೇಕು. ಬಾಯಿ ತುಂಬಾ ಹೊತ್ತು ತೆರೆದಿದ್ದರೆ ಹಲ್ಲು ಒಣಗಿ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ಆಮೇಲೆ ಹೊಂದುವುದಿಲ್ಲ. ಸಾಲಾಗಿ ಜೋಡಿಸಿದ ಹಲ್ಲಿನ ಮಾದರಿಗಳನ್ನು ಪಕ್ಕಕ್ಕಿಟ್ಟು ನೋಡುತ್ತಾರೆ, ಎ1, ಎ2, ಬಿ2 ಅಂತ 16 ಬಣ್ಣ ಇರುವ ಸಾಲು ತುಂಬಾ ಕಡೆ ಬಳಕೆಯಲ್ಲಿದೆ. ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ ನೋಡಿ. ಮನೆಯಿಂದ ಒಬ್ಬರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮುಂದಿನ ಹಲ್ಲಾದರೆ ಇದು ಬಹಳ ಮುಖ್ಯ, ಹಿಂದಿನ ದವಡೆಯದ್ದಾದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಆಮೇಲೆ ಅಳತೆ. ಕೆಲವು ಕಡೆ ತಟ್ಟೆಯಲ್ಲಿ ಮೆತ್ತನೆ ಹಿಟ್ಟಿನಂಥದ್ದನ್ನು ತುಂಬಿ ಬಾಯಿಗೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದು ಗಟ್ಟಿಯಾಗುವವರೆಗೆ ಕೆಲವರಿಗೆ ವಾಕರಿಕೆ ಬರುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನಲ್ಲಿ ನಿಧಾನವಾಗಿ ಉಸಿರಾಡಿ, ಕೆಲವು ನಿಮಿಷದ ಮಾತು. ಈಗ ಬೆಂಗಳೂರಿನ ತುಂಬಾ ಕ್ಲಿನಿಕ್‌ಗಳಲ್ಲಿ ಪುಟ್ಟ ಕ್ಯಾಮೆರಾ ಕಡ್ಡಿ ಬಾಯಲ್ಲಿ ಆಡಿಸಿ ಸ್ಕ್ಯಾನ್ ಮಾಡುತ್ತಾರೆ, ವಾಕರಿಕೆ ಇರುವವರಿಗೆ ಅದು ವರವೇ. ಎರಡರಲ್ಲೂ ಒಳ್ಳೆಯ ಕ್ಯಾಪ್ ಬರುತ್ತದೆ.

ಲ್ಯಾಬಿನಿಂದ ಕ್ಯಾಪ್ ಬರಲು ಹೆಚ್ಚಾಗಿ ಒಂದು ವಾರ ಹಿಡಿಯುತ್ತದೆ. ಅಲ್ಲಿವರೆಗೆ ಪ್ಲಾಸ್ಟಿಕ್ಕಿನಂಥ ತಾತ್ಕಾಲಿಕ ಕ್ಯಾಪ್ ಇರುತ್ತದೆ. ಅದನ್ನು ಬೇಕೆಂದೇ ಸಡಿಲ ಅಂಟಿನಲ್ಲಿ ಕೂರಿಸಿರುತ್ತಾರೆ. ಅಂಟು ಉಂಡೆ, ಚಿಕ್ಕಿ, ಚೂಯಿಂಗ್ ಗಮ್ ಬೇಡ. ಅದು ಬಿದ್ದರೆ "ಹೇಗೂ ಮುಂದಿನ ವಾರ ಹೋಗ್ತೀನಲ್ಲ" ಅಂತ ಬಿಡಬೇಡಿ. ಹಲ್ಲುಗಳು ನಿಂತಲ್ಲೇ ನಿಲ್ಲುವುದಿಲ್ಲ, ಪಕ್ಕದ್ದು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದ್ದು ಇಳಿಯುತ್ತದೆ, ಆಗ ಅಳತೆ ಕೊಟ್ಟು ಮಾಡಿಸಿದ ಕ್ಯಾಪೇ ಕೂರುವುದಿಲ್ಲ. ಅದೇ ದಿನ ಫೋನ್ ಮಾಡಿ.

ಮೊದಲ ದಿನ ಜೋಮು ಎರಡು ಮೂರು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ ಇರುತ್ತದೆ. ತುಟಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಕ್ಲಿನಿಕ್ ಕೆಳಗಿನ ದರ್ಶಿನಿಯಲ್ಲಿ ಬಿಸಿ ಕಾಫಿ ಕುಡಿಯುವ ಆಸೆ ಆದರೂ ತಡೆದುಕೊಳ್ಳಿ.

ಲ್ಯಾಬಿನಲ್ಲಿ ನಡೆಯುವುದು ನನಗೆ ತುಂಬಾ ಇಷ್ಟವಾದ ಭಾಗ, ಅದರಲ್ಲೂ ಜಿರ್ಕೋನಿಯಾ ಅನ್ನುವ ಪಿಂಗಾಣಿ ಜಾತಿಯ ಕ್ಯಾಪಿನದ್ದು. ಜಿರ್ಕೋನಿಯಾ ಮೊದಲು ಬಳಪದಷ್ಟು ಮೆತ್ತಗಿನ ಬಿಲ್ಲೆಯಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ನಿಮ್ಮ ಹಲ್ಲಿನ ರೂಪ ಬಿಡಿಸಿ, ಯಂತ್ರದಲ್ಲಿ ಅದನ್ನು ಕೆತ್ತುತ್ತಾರೆ. ಕೆತ್ತುವಾಗ ಬೇಕಾದ್ದಕ್ಕಿಂತ ಸುಮಾರು ಕಾಲು ಭಾಗ ದೊಡ್ಡದಾಗಿಯೇ ಕೆತ್ತುತ್ತಾರೆ. ಯಾಕೆಂದರೆ ಆಮೇಲೆ ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಹಸಿ ಮಡಕೆ ಒಣಗಿ ಬೇಯುವಾಗ ಕುಗ್ಗುವುದು ಕುಂಬಾರರಿಗೆ ಗೊತ್ತಿರುವ ಹಾಗೆ, ಇಲ್ಲೂ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ ಮೊದಲೇ ಇರುತ್ತದೆ. ಹೊರಬಂದ ಮೇಲೆ ಅದು ಕಲ್ಲಿಗಿಂತ ಗಟ್ಟಿ.

ಯಾವುದು ಹಾಕಿಸಬೇಕು ಅನ್ನುವ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಪೂರ್ತಿ ಲೋಹದ ಕ್ಯಾಪ್ ಗಟ್ಟಿ, ಹಲ್ಲನ್ನು ಕಮ್ಮಿ ಉಜ್ಜಿದರೆ ಸಾಕು, ಬೆಲೆಯೂ ಕಮ್ಮಿ, ಕಾಣುವುದು ಮಾತ್ರ ಬೆಳ್ಳಿ ಬಣ್ಣ. ಯಾರಿಗೂ ಕಾಣದ ಹಿಂದಿನ ಹಲ್ಲಿಗೆ ಅದನ್ನು ಹಾಕಿಸಿದರೆ ಏನೂ ತಪ್ಪಿಲ್ಲ. ನಿಕ್ಕಲ್ ಆಗದವರು, ಅಂದರೆ ಅಗ್ಗದ ಓಲೆ, ವಾಚಿನ ಪಟ್ಟಿ ತಾಗಿದರೆ ಕೆರೆತ ಬರುವವರು, ಮೊದಲೇ ಹೇಳಬೇಕು. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಮೆಟಲ್ ಸೆರಾಮಿಕ್ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿರುವ ನಂಬಿಕಸ್ಥ ವಸ್ತು. ಅದರ ತೊಂದರೆ ಎರಡು. ಮೇಲಿನ ಪಿಂಗಾಣಿ ಚೂರು ಏಳಬಹುದು, ಮತ್ತು ವರ್ಷಗಳಾದ ಮೇಲೆ ವಸಡು ಸ್ವಲ್ಪ ಇಳಿದಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾದಲ್ಲಿ ಒಳಗೆ ಲೋಹ ಇಲ್ಲ, ಆ ಗೆರೆಯೂ ಇಲ್ಲ, ದವಡೆಗೆ ತಡೆಯುತ್ತದೆ. ಇ-ಮ್ಯಾಕ್ಸ್ ಅನ್ನುವುದು ಗಾಜಿನ ಜಾತಿಯದು, ಬೆಳಕನ್ನು ನಮ್ಮ ಹಲ್ಲಿನ ಹಾಗೇ ಒಳಗೆ ಬಿಟ್ಟುಕೊಳ್ಳುವುದರಿಂದ ಮುಂದಿನ ಹಲ್ಲಿಗೆ ಬಹಳ ಚಂದ. ನಾನು ಜಿರ್ಕೋನಿಯಾ ಹಾಕಿಸಿದೆ, 9,000 ರೂಪಾಯಿ ಆಯಿತು.

ಜಿರ್ಕೋನಿಯಾ ಜೊತೆ ವಾರಂಟಿ ಕಾರ್ಡ್ ಕೊಡುತ್ತಾರೆ, ಹತ್ತು ವರ್ಷ, ಹದಿನೈದು ವರ್ಷ ಅಂತ. ಆ ವಾರಂಟಿ ಕ್ಯಾಪಿನ ವಸ್ತುವಿಗೆ, ಒಳಗಿರುವ ನಿಮ್ಮ ಹಲ್ಲಿಗಲ್ಲ. ಕ್ಯಾಪ್ ಒಡೆದರೆ ಹೊಸದು ಸಿಗಬಹುದು. ಕೆಳಗೆ ಹಲ್ಲು ಹುಳುಕಾದರೆ ಅದು ನಮ್ಮ ಪಾಲಿನ ಕಷ್ಟ. ಚೆನ್ನಾಗಿ ಕೂತ ಕ್ಯಾಪ್, ಚೆನ್ನಾಗಿ ನೋಡಿಕೊಂಡರೆ, 10-15 ವರ್ಷ ಬರುವುದು ಸಾಮಾನ್ಯ, ಇನ್ನೂ ಜಾಸ್ತಿ ಬರುವುದೂ ಇದೆ.

ಎರಡನೇ ಸಿಟ್ಟಿಂಗ್ ಚಿಕ್ಕದು. ಆದರೆ ಎಲ್ಲ ನಿರ್ಧಾರವಾಗುವುದು ಅಲ್ಲೇ. ಬಟ್ಟೆ ಹೊಲಿಸಿದಾಗ ಹಾಕಿ ನೋಡದೆ ತರುತ್ತೇವೆಯೇ? ಅಂಟಿಸುವ ಮೊದಲು ಕ್ಯಾಪನ್ನು ಸುಮ್ನೆ ಇಟ್ಟು ನೋಡುತ್ತಾರೆ. ಅಂಚು ಹಲ್ಲಿಗೆ ಒಂದಿಷ್ಟೂ ಸಂದಿಲ್ಲದೆ ಸೇರಿದೆಯಾ, ಪಕ್ಕದ ಹಲ್ಲಿಗೆ ಬಿಗಿಯಾಗಿ ತಾಗಿದೆಯಾ ಅಂತ ನೋಡಬೇಕು. ಎಷ್ಟು ಬಿಗಿ ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಟಕ್ ಅಂತ ಇಳಿಯಬೇಕು, ಸುಲಭವಾಗಿ ಜಾರಬಾರದು. ಅಲ್ಲಿ ಸಂದು ಬಿಟ್ಟರೆ ಪ್ರತಿ ಊಟಕ್ಕೂ ಸೊಪ್ಪಿನ ನಾರು ಸಿಕ್ಕಿಕೊಳ್ಳುತ್ತದೆ.

ಆಮೇಲೆ ಬಣ್ಣದ ತೆಳು ಕಾಗದವೊಂದನ್ನು ಹಲ್ಲುಗಳ ಮಧ್ಯೆ ಇಟ್ಟು ಕಚ್ಚಿ, ಅರೆಯಿರಿ ಅನ್ನುತ್ತಾರೆ. ಎಲ್ಲಿ ಎತ್ತರ ಇದೆಯೋ ಅಲ್ಲಿ ಬಣ್ಣ ಗಾಢವಾಗಿ ಮೂಡುತ್ತದೆ, ಅದನ್ನು ಉಜ್ಜಿ ತಗ್ಗಿಸುತ್ತಾರೆ. ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಸಂಕೋಚ. ಹೊರಗೆ ಐದು ಜನ ಕಾಯುತ್ತಿರುತ್ತಾರೆ, ಡಾಕ್ಟರು ಮೂರನೇ ಸಲ "ಈಗ ಸರಿ ಇದೆಯಾ?" ಅಂತ ಕೇಳಿರುತ್ತಾರೆ, ನಾವು "ಸರಿ ಇದೆ ಸರ್" ಅಂದು ಎದ್ದುಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕೂದಲೆಳೆ ಎತ್ತರ ಇದ್ದರೂ ನಮ್ಮ ಹಲ್ಲಿಗೆ ಗೊತ್ತಾಗುತ್ತದೆ, ಆ ಕಡೆ ಮೊದಲು ತಾಗುತ್ತದೆ ಅನ್ನಿಸಿದರೆ ನಾಲ್ಕನೇ ಸಲವೂ ಹೇಳಿ. ಜೋಮಿನಲ್ಲಿದ್ದಾಗ ನೋಡಿದ್ದಾದರೆ ಸರಿಯಾಗಿ ತಿಳಿಯುವುದಿಲ್ಲ, ಮರುದಿನ ಮತ್ತೆ ಹೋಗಿ ತೋರಿಸಿ. ಹೆಚ್ಚಿನ ಸಲ ಐದು ನಿಮಿಷದ ಕೆಲಸ.

ರೂಟ್ ಕೆನಾಲ್ ಆದ ಹಲ್ಲಿಗೆ ನರವೇ ಇಲ್ಲ, ಹೇಗೆ ಗೊತ್ತಾಗುತ್ತದೆ ಅಂತ ನಾನೂ ಕೇಳಿದ್ದೆ. ಹಲ್ಲಿನ ಒಳಗಿನ ನರ ಹೋಗಿರುತ್ತದೆ, ಹೊರಗಿನದ್ದು ಹೋಗಿರುವುದಿಲ್ಲ. ಬೇರು ಮತ್ತು ದವಡೆ ಮೂಳೆಯ ಮಧ್ಯೆ ನಾರಿನ ತೆಳು ಪದರ ಇದೆ, ಹಲ್ಲನ್ನು ಮೂಳೆಯಲ್ಲಿ ತೂಗುಹಾಕಿದಂತೆ ಹಿಡಿದಿರುವುದು ಅದೇ. ಒತ್ತಡ ತಿಳಿಯುವ ನರ ಅಲ್ಲಿದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೆ ಕೂಡಲೇ ಬಾಯಿ ನಿಲ್ಲುತ್ತದಲ್ಲ, ಅದು ಈ ಪದರದ ಕೆಲಸ. ಕ್ಯಾಪ್ ಎತ್ತರ ಇದ್ದರೆ ಪ್ರತಿ ಸಲ ಕಚ್ಚಿದಾಗಲೂ ಈ ಪದರಕ್ಕೆ ಪೆಟ್ಟು ಬೀಳುತ್ತದೆ, ಊದುತ್ತದೆ, ಹಲ್ಲು ನೋಯುತ್ತದೆ. ಆಗ ಜನ "ರೂಟ್ ಕೆನಾಲೇ ಸರಿ ಮಾಡಿಲ್ಲ" ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸ್ವಲ್ಪ ಉಜ್ಜಿದರೆ ಮುಗಿಯುವ ತೊಂದರೆ ಅದು.

ಬಣ್ಣ, ಅಂಚು, ಕಚ್ಚು ಎಲ್ಲ ಒಪ್ಪಿಗೆಯಾದ ಮೇಲೆಯೇ ಸಿಮೆಂಟ್ ಹಾಕಿಸಿಕೊಳ್ಳಿ. ಒಮ್ಮೆ ಅಂಟಿಸಿದ ಮೇಲೆ ಬೇಡ ಅಂದರೆ ಕೊರೆದೇ ತೆಗೆಯಬೇಕಾಗಬಹುದು. ಹೊರಗೆ ಬಂದ ಸಿಮೆಂಟನ್ನು ವಸಡಿನ ಸಂದಿಯಿಂದ ಪೂರ್ತಿ ತೆಗೆಯಬೇಕು, ಉಳಿದರೆ ವಸಡು ಊದುತ್ತದೆ. ಆ ದಿನ ಮೆತ್ತನೆ ಊಟ, ಇನ್ನೊಂದು ಕಡೆಯಿಂದ. ನಮ್ಮ ಕಡೆ ಇದಕ್ಕೆ ರಾಗಿ ಮುದ್ದೆಗಿಂತ ಒಳ್ಳೆಯದು ಯಾವುದಿದೆ, ಅಗಿಯುವ ಕೆಲಸವೇ ಇಲ್ಲ. ಬಸ್ಸಾರು ಸ್ವಲ್ಪ ಆರಲಿ.

ಮೊದಲ ಕೆಲವು ದಿನ ವಸಡು ನೋಯುತ್ತದೆ, ಬಾಯಲ್ಲಿ ಏನೋ ಪರಕೀಯ ಇದ್ದಂತೆ ನಾಲಿಗೆ ಅಲ್ಲಿಗೇ ಹೋಗುತ್ತದೆ. ಜೀವ ಇರುವ ಹಲ್ಲಿಗೆ ಕ್ಯಾಪ್ ಹಾಕಿದ್ದರೆ ತಣ್ಣಗೆ, ಬಿಸಿಗೆ ಕೆಲವು ವಾರ ಜುಮ್ ಅನ್ನಬಹುದು. ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿದ್ದರೆ ಚಿಂತೆ ಇಲ್ಲ. ರಾತ್ರಿ ತಾನಾಗೇ ನೋವೇಳುವುದು, ಊತ, ಕೀವು, ಜ್ವರ ಇದ್ದರೆ ಕಾಯಬೇಡಿ. ಜೀವ ಇರುವ ಅಂಥ ಕೆಲವು ಹಲ್ಲುಗಳಿಗೆ ಮುಂದೆ ರೂಟ್ ಕೆನಾಲ್ ಬೇಕಾಗುವುದೂ ಉಂಟು, ಕ್ಯಾಪ್ ಮೇಲಿನಿಂದಲೇ ಕೊರೆದು ಮಾಡುತ್ತಾರೆ.

ಕ್ಯಾಪ್ ಹುಳುಕಾಗುವುದಿಲ್ಲ ನಿಜ. ಆದರೆ ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಆ ಅಂಚು ವಸಡಿನ ಪಕ್ಕದಲ್ಲೇ ಇರುತ್ತದೆ, ಹುಳುಕು ನುಗ್ಗುವುದು ಅಲ್ಲಿಂದ. ರೂಟ್ ಕೆನಾಲ್ ಆದ ಹಲ್ಲಾದರೆ ಜುಮ್ ಅಂತ ಎಚ್ಚರಿಸುವ ನರವೂ ಇಲ್ಲ, ಒಳಗೊಳಗೇ ಕೊಳೆಯುತ್ತದೆ. ದಿನಕ್ಕೆರಡು ಸಲ ಬ್ರಷ್ ವಸಡಿನ ಅಂಚಿಗೆ ತಾಗಬೇಕು, ರಾತ್ರಿ ಒಮ್ಮೆ ಫ್ಲಾಸ್ ಆಗಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಅಂದರೆ ನೈಟ್ ಗಾರ್ಡ್, ಮಾಡಿಸಿಕೊಳ್ಳಿ. ಗೋಟಡಿಕೆ ಕಡಿಯುವುದು, ಐಸ್ ಕಡಿಯುವುದು, ಬಾಟಲಿ ಮುಚ್ಚಳ ತೆಗೆಯುವುದು ಬಿಡಬೇಕು. ಹದವಾಗಿ ಅಗಿದರೆ ಬಸವನಗುಡಿ ಪರಿಷೆಯ ಕಡಲೆಕಾಯಿಗೆ ಏನೂ ಅಡ್ಡಿಯಿಲ್ಲ.

ಖರ್ಚಿನ ವಿಷಯ. ರೂಟ್ ಕೆನಾಲ್, ಪೋಸ್ಟ್, ಕ್ಯಾಪ್ ಮೂರನ್ನೂ ಬಿಡಿಬಿಡಿಯಾಗಿ ಮೊದಲೇ ಬರೆಸಿಕೊಳ್ಳಿ, ಆಮೇಲೆ ಮನಸ್ತಾಪ ಇರುವುದಿಲ್ಲ. ಆರೋಗ್ಯ ವಿಮೆ ಸಾಮಾನ್ಯವಾಗಿ ಅಪಘಾತ ಬಿಟ್ಟರೆ ಹಲ್ಲಿನ ಕೆಲಸಕ್ಕೆ ಬರುವುದಿಲ್ಲ. ಕೈಯಲ್ಲಿ ಅಷ್ಟು ದುಡ್ಡಿಲ್ಲ ಅಂತ ಅಮ್ಮನ ಹಾಗೆ ಬಿಟ್ಟುಬಿಡಬೇಡಿ, ಈ ಊರಿನಲ್ಲಿ ದಂತ ಕಾಲೇಜುಗಳಿವೆ. ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಮಗ್ಗುಲಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು ಇದೆ, ವಿ.ವಿ. ಪುರದಲ್ಲಿ ವಿ.ಎಸ್. ದಂತ ಕಾಲೇಜು, ಜೆ.ಪಿ. ನಗರದಲ್ಲಿ ಆರ್.ವಿ. ದಂತ ಕಾಲೇಜು. ಇಂಥ ಕಡೆ ಓದುತ್ತಿರುವ ಡಾಕ್ಟರುಗಳು ಪ್ರೊಫೆಸರ್‌ಗಳ ಕಣ್ಣೆದುರು ಕೆಲಸ ಮಾಡುತ್ತಾರೆ. ಸಿಟ್ಟಿಂಗ್ ಜಾಸ್ತಿ, ಕಾಯುವುದು ಜಾಸ್ತಿ, ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಮ್ಮಿ. ಪ್ರತಿ ಹಂತವನ್ನೂ ಇನ್ನೊಬ್ಬರು ನೋಡಿ ಒಪ್ಪಬೇಕಾದ್ದರಿಂದ ಅವಸರದ ಕೆಲಸ ಆಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ.

ಅಮ್ಮನ ಖಾಲಿ ಜಾಗಕ್ಕೆ ಈಗ ಬ್ರಿಡ್ಜೋ ಇಂಪ್ಲಾಂಟೋ ಅನ್ನುವ ಚರ್ಚೆ ನಡೆಯುತ್ತಿದೆ. ಬ್ರಿಡ್ಜ್ ಅಂದರೆ ಕೃತಕ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳ ಕ್ಯಾಪಿಗೆ ಜೋಡಿಸಿ ಕೂರಿಸುವುದು, ಅದಕ್ಕೆ ಆ ಎರಡು ಒಳ್ಳೆಯ ಹಲ್ಲುಗಳನ್ನೂ ಉಜ್ಜಬೇಕು. ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಕೂರಿಸುವ ಕೃತಕ ಬೇರು, ಅದಕ್ಕೆ ಕ್ಯಾಪಿನ ಎಷ್ಟೋ ಪಟ್ಟು ಖರ್ಚು.

ಎಂದಾದರೂ ಕ್ಯಾಪ್ ಕಳಚಿ ಬಂದರೆ ಗಾಬರಿ ಬೇಡ, ಎಷ್ಟೋ ಸಲ ಅದನ್ನೇ ಶುಚಿ ಮಾಡಿ ಮತ್ತೆ ಅಂಟಿಸಬಹುದು. ಫೆವಿಕ್ವಿಕ್ ಹಾಕಿ ನೀವೇ ಅಂಟಿಸಬೇಡಿ, ಅದು ವಸಡನ್ನು ಸುಡುತ್ತದೆ, ಕ್ಯಾಪನ್ನೂ ಹಾಳು ಮಾಡುತ್ತದೆ. ಸಡಿಲವಾಗಿ ಇಟ್ಟುಕೊಂಡು ಮಲಗಬೇಡಿ. ನುಂಗಿದರೆ ಸಾಮಾನ್ಯವಾಗಿ ತಾನಾಗೇ ಹೊರಗೆ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ಉಸಿರಿನ ಕೊಳವೆಗೆ ಹೋಗಿ ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೈಗೆ ಸಿಕ್ಕ ಕ್ಯಾಪನ್ನು ತೊಳೆದು ಕುಂಕುಮದ ಭರಣಿಯಂಥ ಪುಟ್ಟ ಡಬ್ಬಿಯಲ್ಲಿ ಹಾಕಿಟ್ಟು ಒಂದೆರಡು ದಿನದೊಳಗೆ ಡಾಕ್ಟರ ಹತ್ತಿರ ಹೋಗಿ. ಕಾಗದದಲ್ಲಿ ಸುತ್ತಿ ಟೇಬಲ್ ಮೇಲಿಟ್ಟರೆ ಬೆಳಿಗ್ಗೆ ಕಸದ ಗಾಡಿಯ ಜೊತೆ ಹೋಗಿರುತ್ತದೆ.